ಅಳುತ್ತಾ ಬಂದವರ ಲೆಕ್ಕ

ಅಕ್ಕಾರ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಯಾರಾದರೂ ಕೇಳಿದರೆ, "ಝುಮಕಿ ಭಾರ ಆಗಿತ್ತವಾ" ಎಂದು ನಗುತ್ತಿದ್ದರು. ಆ ಝುಮಕಿಯನ್ನು ಎಳೆದ ಕೈ ಯಾರದೆಂದು ಶಿಗ್ಗಾಂವಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗಂಡನ ಆ ಮನೆ ಬಿಟ್ಟು ಬಂದ ಮೇಲೆ ಅವರು ಬಸ್ ನಿಲ್ದಾಣದ ಹಿಂದೆ ಒಂದು ಹಂಚಿನ ಮನೆ ಹಿಡಿದು, ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸರಿಗೆ ಆಸರೆ ಕೊಡುತ್ತಿದ್ದರು.

ಅವರಿಗೆ ಸಹಾಯ ಮಾಡುವ ಸಂಸ್ಥೆಯವರು ನನ್ನನ್ನು ಹುಬ್ಬಳ್ಳಿಯಿಂದ ಕಳಿಸಿದ್ದರು. ಅಕ್ಕಾರ ಈ ಆಸರೆಯ ಕೇಂದ್ರದಿಂದ ಎಷ್ಟು ಒಳ್ಳೆಯದಾಗಿದೆ ಎಂದು ಅಳೆಯುವುದು ನನ್ನ ಕೆಲಸ. ಕೇಳಿದವರೇ ಅಕ್ಕಾರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಸುಖಾನೂ ಅಳೀತೀರೇನ್ರಿ? ಯಾವ ಮಾಪಿಲೆ? ಕುಂತ್ರಿ, ಮೊದಲ ಚಾ ಕುಡೀರಿ."

ಮಾಪು ನನ್ನ ಬಳಿ ಇತ್ತು. ಇಲ್ಲಿಂದ ಹೋದವಳು ಮತ್ತೆ ಕೇಂದ್ರಕ್ಕೆ ಬರದಿದ್ದರೆ ಯಶಸ್ಸು, ಬಂದರೆ ಸೋಲು. ಆ ಲೆಕ್ಕದಲ್ಲಿ ಅಕ್ಕಾರನ್ನು ಮೀರಿಸುವವರೇ ಇರಲಿಲ್ಲ. ಅವರ ಮನೆಯಿಂದ ಹೋದವರು ತಿರುಗಿ ಬರುತ್ತಿದ್ದುದೇ ಅಪರೂಪ. ನಾನು ಹಿಗ್ಗಿ ಹೀರೇಕಾಯಿಯಾಗಿ ವರದಿ ಬರೆದೆ.

ಅಲ್ಲಿ ಒಂದು ಪದ್ಧತಿಯಿತ್ತು. ಯಾರೇ ಹೊರಡಲಿ, ಗಂಡನ ಮನೆಗಾಗಲಿ, ಬಾಡಿಗೆ ಖೋಲಿಗಾಗಲಿ, ಅಕ್ಕಾರು ಅವಳನ್ನು ಮಣೆಯ ಮೇಲೆ ಕೂರಿಸಿ ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬು, ಕುಬಸದ ಖಣ ಇಟ್ಟು ಉಡಿ ತುಂಬುತ್ತಿದ್ದರು. "ಇದು ನಿನ್ನ ತವರಮನಿ, ಮರೀಬ್ಯಾಡವಾ" ಎನ್ನುವಾಗ ಅವರ ಕಣ್ಣೂ ತುಂಬಿರುತ್ತಿತ್ತು.

ಹೀಗೆ ಗಂಡನ ಮನೆಗೆ ಹೋದ ಹುಲಗೂರಿನ ಹೆಂಗಸೊಬ್ಬಳನ್ನು ಒಂದು ದಿನ ನೆರೆಯವರು ದವಾಖಾನೆಗೆ ತಂದರು. ಸುದ್ದಿ ಕೇಳಿ ಅಕ್ಕಾರೂ ನಾನೂ ಹೋದೆವು. ಕೈ ಮುರಿದಿತ್ತು. ಅವಳು ಹೋದ ತಿಂಗಳಲ್ಲೇ ಹೊಡೆತ ಮತ್ತೆ ಶುರುವಾಗಿತ್ತಂತೆ. ಅಕ್ಕಾರು ಅವಳ ತಲೆ ಸವರಿ, "ಯಾಕವಾ, ನನ್ನ ಕಡೆ ಬರಬಾರದಿತ್ತೇನು?" ಎಂದರು.

"ಉಡಿ ತುಂಬಿ ಕಳಿಸೀರಿ. ತವರಿಗೆ ಅಳಕೋತ ಹ್ಯಾಂಗ ಬರ್ಲಿ ಯಕ್ಕಾ? ನಿಮ್ಮ ಜೀವಕ್ಕ ತ್ರಾಸ ಆಗೂದಿಲ್ಲೇನು?"

ಅಕ್ಕಾರು ಹೊರಗೆ ಬಂದು ದವಾಖಾನೆಯ ಕಟ್ಟೆಯ ಮೇಲೆ ಕುಸಿದು ಕೂತರು. ನನ್ನ ಕಡೆ ತಿರುಗಿ, "ತವರು ಅಂದದ್ದ ತಪ್ಪಾತೇನ್ರಿ? ನೀವು ಅಳಿಯಾಕ ಬಂದವರು, ಹೇಳ್ರಿ" ಎಂದರು. ನಾನು ಯಶಸ್ಸು ಎಂದು ಬರೆದವರಲ್ಲಿ ಇನ್ನೆಷ್ಟು ಜನ ಬಾಯಿ ಮುಚ್ಚಿಕೊಂಡು ಕೂತಿದ್ದಾರೋ ಎಂದು ಎಣಿಸತೊಡಗಿದೆ.

ಮುಂದೆ ದುಂಡಸಿಯ ಹುಡುಗಿಯೊಬ್ಬಳು ಹೊರಟಾಗ ಅಕ್ಕಾರು ಉಡಿ ತುಂಬಲಿಲ್ಲ. ಅವಳು ಹೊಸ್ತಿಲಲ್ಲಿ ಸೆರಗು ಒಡ್ಡಿ ನಿಂತೇ ಇದ್ದಳು. "ನಾ ಏನ ತಪ್ಪ ಮಾಡೇನ್ರಿ?" ಎಂದು ಅಳತೊಡಗಿದಳು. ಅಕ್ಕಾರು ಒಳಗೆ ಓಡಿ ಅಕ್ಕಿ ತಂದು, ತುಂಬುತ್ತಲೇ ಬೈದರು: "ತಗೋ, ತುಂಬೇನಿ! ಆದ್ರ ಅಳೂದಿದ್ರ ಇಲ್ಲೇ ಬಂದು ಅಳಬೇಕು. ಒಳಗ ಸಂಕಟ ಇಟಗೊಂಡು ನಕ್ಕೋತ ಬಂದ್ರ ನಾ ಬಾಗಲಾ ತಗಿಯಂಗಿಲ್ಲ!"

ಅಂದಿನಿಂದ ಎಲ್ಲರಿಗೂ ಅದೇ ಮಾತು. ಹಳಬರಿಗೂ ಹೇಳಿ ಕಳಿಸಿದರು. ಹೆಂಗಸರು ತಿರುಗಿ ಬರತೊಡಗಿದರು, ನನ್ನ ಲೆಕ್ಕದಲ್ಲಿ ಕೇಂದ್ರ ಸೋಲತೊಡಗಿತು. ಸಂಸ್ಥೆಯವರು ಫೋನ್ ಮಾಡಿ, ಅಲ್ಲಿ ಏನು ಕೆಟ್ಟಿದೆ ಎಂದು ಕೇಳಿದರು. ಅವರಿಗೆ ತಿಳಿಸಿ ಹೇಳಲು ಹೋಗಿ ನಾನೇ ಗೊಂದಲಕ್ಕೆ ಬಿದ್ದೆ. ಬಂದವರೆಲ್ಲ ಹೊಡೆತ ತಿಂದೇ ಬಂದವರು. ಅದನ್ನು ಗೆಲುವು ಎನ್ನಲು ನಾಲಿಗೆ ಹೇಗೆ ಏಳಬೇಕು?

"ಮಂದಿ ಅಳಕೋತ ಬರಾಕತ್ತಾರ, ನನಗ ಸಮಾಧಾನ ಆಗಾಕತ್ತೈತಿ. ನನಗ ತಲಿ ಕೆಟ್ಟೈತೇನ್ರಿ?" ಎಂದು ಅಕ್ಕಾರು ಕೇಳಿದರು.

"ನನಗೂ ಕೆಟ್ಟೈತ್ರಿ ಅಕ್ಕಾರ" ಎಂದೆ. ಇಬ್ಬರೂ ನಕ್ಕೆವು. ಅವರ ನಗು ಬೇಗ ನಿಂತಿತು.

ಹೋದ ಮಳೆಗಾಲದಲ್ಲಿ ಅಕ್ಕಾರು ಎದೆನೋವೆಂದು ಮಲಗಿದವರು ಏಳಲಿಲ್ಲ. ಮಣ್ಣಿಗೆ ಹೋಗಿ ಬಂದು ನಾನು ಆ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ದುಂಡಸಿಯ ಹುಡುಗಿ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಬಾಗಿಲಿಗೆ ಬಂದಳು. ಕೆನ್ನೆ ಬಾತಿತ್ತು. ಅವಳಿಗೆ ಸುದ್ದಿ ಮುಟ್ಟಿರಲಿಲ್ಲ.

"ಅಕ್ಕಾರು ಅದಾರೇನ್ರಿ?"

"ಒಳಗ ಬಾರವಾ" ಎಂದೆ.

ಬಂದಳು. ಕೂಸನ್ನು ಚಾಪೆಯ ಮೇಲೆ ಬಿಟ್ಟು, ಗೋಡೆಗೆ ಒರಗಿ, ಮುಖ ಮುಚ್ಚಿಕೊಳ್ಳದೆ ಗಟ್ಟಿಯಾಗಿ ಅತ್ತಳು. ಅಕ್ಕಾರು ಇಲ್ಲ ಎಂದು ನಾನಿನ್ನೂ ಹೇಳಿರಲಿಲ್ಲ.