ಸಿಂಕಿನ ಮಗ್ಗಲಿನ ಸ್ವಿಚ್ಚು

ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ನಮ್ಮ ಮನೆಗೆ ಹೊಸದಾಗಿ ವೈರಿಂಗ್ ಮಾಡಿದವರು ಶಿರಗುಪ್ಪಿ ಕಡೆಯ ಒಬ್ಬ ವೈರಮನ್. ಪ್ರತಿ ಸ್ವಿಚ್ಚು ಕೂರಿಸಿದ ಮೇಲೆ ನಮ್ಮನ್ನು ದೂರ ನಿಲ್ಲಿಸಿ, "ಮೊದಲ ನಾ ಮುಟ್ಟತೇನ್ರಿ" ಎಂದು ತಾವೇ ಒತ್ತಿ ನೋಡುತ್ತಿದ್ದರು.

ಅಡುಗೆಮನೆಯಲ್ಲಿ ಮಿಕ್ಸರ್ ಸ್ವಿಚ್ಚು ಸಿಂಕಿನ ಮಗ್ಗಲಿಗೇ ಇರಲಿ ಎಂದೆ. ಅಲ್ಲಿದ್ದರೆ ನೋಡಲು ಚೆಂದ ಎಂದು ನನಗೆ ಅನಿಸಿತ್ತು.

"ಬ್ಯಾಡ್ರಿ ಸರ್, ಅಲ್ಲಿ ನೀರು ಸಿಡೀತೈತಿ. ಅವ್ವಾರು ಹಸಿ ಕೈಲೇ ಮುಟ್ಟತಾರ."

"ನಾ ಹೇಳಿದಂಗ ಮಾಡ್ರಿ," ಅಂದೆ. ಮಾಡಿದರು.

ವಾರದೊಳಗೆ ಅವ್ವನಿಗೆ ಶಾಕ್ ಹೊಡೆಯಿತು. ಕೈ ಜುಮುಗುಟ್ಟಿ ನೆಲಕ್ಕೆ ಕುಸಿದಳು. ಪುಣ್ಯಕ್ಕೆ ಹೆಚ್ಚೇನೂ ಆಗಲಿಲ್ಲ. ಸುದ್ದಿ ತಿಳಿದ ವೈರಮನ್ ಊಟ ಬಿಟ್ಟು ಓಡಿಬಂದರು. ಅಷ್ಟರಲ್ಲಿ ಓಣಿಯ ಹೆಂಗಸರು ಬಾಗಿಲಲ್ಲಿ ನೆರೆದಿದ್ದರು.

"ನೀರಿನ ಬಾಜೂಕ ಸ್ವಿಚ್ ಹಾಕ್ತಾರೇನಪಾ? ಯಾರು ಹೇಳಿದ್ರು ನಿನಗ?" ಎಂದು ಅವ್ವ ಕೇಳಿದಳು.

ಅವರು ಒಮ್ಮೆ ನನ್ನ ಕಡೆ ನೋಡಿದರು. ನಾನು ಬಾಯಿ ಬಿಡುತ್ತೇನೆಂದು ಕಾದರೇನೋ. ನಾನು ಬಗ್ಗಿ ಅವ್ವನ ಕೈ ತಿಕ್ಕತೊಡಗಿದೆ.

"ನಂದ ತಪ್ಪಾತ್ರಿ, ಅವ್ವಾರ," ಎಂದವರೇ ಮೇನ್ ಆಫ್ ಮಾಡಿ, ಆ ಸ್ವಿಚ್ಚು ಬಿಚ್ಚಿ ಎದುರಿನ ಗೋಡೆಗೆ ಹಾಕಿಕೊಟ್ಟರು.

ಆಮೇಲೆ ನಮ್ಮ ಓಣಿಯಲ್ಲಿ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. "ಆ ವೈರಮನ್‌ಗ ಕೆಲಸ ಗೊತ್ತಿರಲಿಲ್ಲ ಬಿಡು," ಎಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಪ್ರತಿ ಸಲವೂ ನಾನು ಹೂಂ ಅನ್ನುತ್ತಿದ್ದೆ.