ತೂಕದ ಪ್ರೋಗ್ರಾಮಿಗೆ ಹಾಕಿದ ಶ್ರೀಕಾರ

ಆ ಫೈಲಿನ ಹೆಸರು ಬದಲಿಸಿದ್ದು ನಾನೋ ಕಾಟಾದ ಆಪರೇಟರನೋ ಎಂಬುದು ನನಗೆ ಬಹಳ ದಿನ ಖಚಿತವಿರಲಿಲ್ಲ. ಮೌಸ್ ಹಿಡಿದ ಕೈ ಒಂದು ನೆನಪಿನಲ್ಲಿ ನನ್ನದು, ಇನ್ನೊಂದರಲ್ಲಿ ಅವನದು. ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ ನಾನು ಕಲಿತದ್ದು ಎಲ್ಲವನ್ನೂ ಅನುಮಾನಿಸುವುದನ್ನು. ನನ್ನ ನೆನಪಿಗೆ ಮಾತ್ರ ಯಾಕೆ ರಿಯಾಯಿತಿ?

ಜಾಗದ ಬಗ್ಗೆ ಅನುಮಾನವಿಲ್ಲ. ಗಂಗಾವತಿಯ ಹೊರಗಿರುವ ನನ್ನ ಭಾವನವರ ಅಕ್ಕಿ ಗಿರಣಿ. ಗೇಟಿನ ಪಕ್ಕ ಲಾರಿ, ಟ್ರ್ಯಾಕ್ಟರ್ ತೂಗುವ ಕಾಟಾ, ಅದಕ್ಕೊಂದು ಸಣ್ಣ ಕೋಣೆ, ಕೋಣೆಯಲ್ಲೊಂದು ಕಂಪ್ಯೂಟರ್. ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ಗಿರಣಿಯ ಯಂತ್ರಗಳಿಗೆಲ್ಲ ಶ್ರೀ ಬರೆದು ಕುಂಕುಮ ಹಚ್ಚಿದ್ದರು. ಕಾಟಾ ನೋಡಿಕೊಳ್ಳುತ್ತಿದ್ದ ಆಪರೇಟರ್ ನನ್ನದೇ ವಯಸ್ಸಿನವನು, ಇಬ್ಬರು ಹೆಣ್ಣುಮಕ್ಕಳ ತಂದೆ. ಅವನು ಕುಂಕುಮದ ಬಟ್ಟಲು ಹಿಡಿದು ಕಂಪ್ಯೂಟರಿನ ಮುಂದೆ ನಿಂತಿದ್ದ.

“ಡಬ್ಬಿಗೇನೋ ಹಚ್ಚಿದ್ನಿರಿ ಸರ. ಒಳಗಿಂದಕ್ಕ ಹೆಂಗ ಹಚ್ಚೋದು? ತೂಕದ ಚೀಟಿ ಮ್ಯಾಲರ ಶ್ರೀ ಬರೂವಂಗ ಮಾಡ್ರಿ, ಓದಿದವ್ರದೀರಿ.”

ಆಗಲಿಲ್ಲ. ಚೀಟಿಯ ತಲೆಬರಹಕ್ಕೆ ಪ್ರೋಗ್ರಾಂ ಮಾಡಿದ ಕಂಪನಿ ಬೀಗ ಹಾಕಿಟ್ಟಿತ್ತು. ಗಿರಣಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಕಂಪನಿಯ ಹೆಸರು ಮುದ್ರಣವಾಗುತ್ತಿತ್ತು. ಕಾಟಾ ಭಾವನವರದು, ಕಂಪ್ಯೂಟರ್ ಭಾವನವರದು, ಕಾಗದವೂ ಅವರದೇ. ಅದರ ಮೇಲೆ ಒಂದು ಅಕ್ಷರ ಸೇರಿಸುವ ಅಧಿಕಾರ ಮಾತ್ರ ಅವರಿಗಿರಲಿಲ್ಲ. ಚೀಟಿಗಾಗದಿದ್ದರೆ ಪ್ರೋಗ್ರಾಮಿಗೇ ಹಾಕಿದರಾಯಿತು ಎಂದು ನಮ್ಮಲ್ಲಿ ಒಬ್ಬರಿಗೆ ಹೊಳೆಯಿತು. ಫೋಲ್ಡರ್ ತೆರೆದು, ಪ್ರೋಗ್ರಾಂ ಫೈಲಿನ ಹೆಸರಿನ ಹಿಂದೆ ಇಂಗ್ಲಿಷ್ ಅಕ್ಷರಗಳಲ್ಲಿ ಶ್ರೀ ಸೇರಿಸಿ, ಪೇಡೆ ತಿಂದು ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ ಅದು ತೆರೆಯಲೇ ಇಲ್ಲ. ಯಾರೋ ಪ್ರೋಗ್ರಾಮನ್ನು ತಿದ್ದಿದ್ದಾರೆ, ಕಂಪನಿಯನ್ನು ಸಂಪರ್ಕಿಸಿ ಎಂಬ ಕೆಂಪು ಸಂದೇಶ. ಹಳೆಯ ಹೆಸರನ್ನೇ ಮತ್ತೆ ಇಟ್ಟೆ, ಆಗಲೂ ಇಲ್ಲ. ಒಮ್ಮೆ ಬೇರೆ ಹೆಸರು ಕಂಡರೆ ಶಾಶ್ವತವಾಗಿ ಮುನಿಸಿಕೊಳ್ಳುವಂತೆ ಬರೆದಿದ್ದರು. ಎಂಥ ಜಾಣತನ! ಇದನ್ನು ಬರೆದ ಮಹಾಶಯ, ತನ್ನ ಮನೆಯ ನಾಯಿಗೆ ಓಣಿಯ ಮಕ್ಕಳು ಅಡ್ಡಹೆಸರಿಟ್ಟರೂ ಪೊಲೀಸರನ್ನು ಕರೆಯುವವನಿರಬೇಕು.

ಗೇಟಿನಾಚೆ ಭತ್ತದ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಭಾವ ಕೊಪ್ಪಳದಲ್ಲಿದ್ದ ಕಂಪನಿಯವನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

“ಯಾರೋ ತಿದ್ಯಾರ್ರಿ. ತೂಕ ಹೆಚ್ಚುಕಮ್ಮಿ ಮಾಡಾಕ ಹಿಂಗ ಮಾಡ್ತಾರ. ಮೊದಲ ನಿಮ್ಮ ಆಪರೇಟರ್‌ನ ಕೇಳ್ರಿ,” ಎಂದ ಅವನು.

“ಫೈಲಿನ ಹೆಸರಿಗೂ ತೂಕಕ್ಕೂ ಏನ್ ಸಂಬಂಧರಿ?” ಎಂದೆ.

“ಅದು ಸೆಕ್ಯುರಿಟಿರಿ. ನಿಮಗ ತಿಳಿಯಂಗಿಲ್ಲ.”

ನಾನು ಆಗ ಯಲಬುರ್ಗಾದ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತಿದ್ದೆ. ಭಾವ ನನ್ನ ಕಡೆ ತಿರುಗಿ, “ಮಾಸ್ತರ, ನೀ ಸುಮ್ಕಿರು. ನಿನ್ನ ಡಿಗ್ರಿ ಮ್ಯಾಲೆ ಟ್ರ್ಯಾಕ್ಟರ್ ನಿಂದರಿಸಿ ತೂಗ್ಲೇನು?” ಎಂದರು. ಆಮೇಲೆ ಆಪರೇಟರನಿಗೆ: “ಯಾರು ಮುಟ್ಯಾರ ಇದನ್ನ?”

ಅವನು ನನ್ನನ್ನು ನೋಡಿದ. ನಾನು ಏನೋ ಹೇಳಿದೆ ಎಂದು ನಂಬಲು ಆಮೇಲೆ ಬಹಳ ಪ್ರಯತ್ನಪಟ್ಟಿದ್ದೇನೆ.

“ನಾನರಿ ಸಾವ್ಕಾರ್ರ. ಪೂಜಿ ಅಂತ ಮಾಡಿದ್ನಿ.”

ಮಧ್ಯಾಹ್ನ ಕಂಪನಿಯವನು ಬಂದು, ಯಾವುದೋ ಸಂಖ್ಯೆ ಒತ್ತಿ, ಪ್ರೋಗ್ರಾಂ ತೆರೆದು, ಡಬ್ಬಿಯ ಮೇಲಿನ ಕುಂಕುಮ ಒರೆಸಿ ಅಲ್ಲಿ ತನ್ನ ಸ್ಟಿಕರ್ ಅಂಟಿಸಿ ಹೋದ. ಆಪರೇಟರನನ್ನು ಅದೇ ವಾರ ಕೆಲಸದಿಂದ ಬಿಡಿಸಿದರು. ತೂಕ ತಿದ್ದಿದವನು ಎಂಬ ಮಾತು ಹಬ್ಬಿದ ಮೇಲೆ ಗಂಗಾವತಿಯ ಯಾವ ಕಾಟಾದವರೂ ಅವನನ್ನು ಸೇರಿಸಿಕೊಳ್ಳಲಿಲ್ಲ.

ಕಳೆದ ವರ್ಷ ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಸಿಕ್ಕ. ದಾಳಿಂಬೆ ಆರಿಸಿ ಪೆಟ್ಟಿಗೆಗೆ ತುಂಬುವ ಕೆಲಸ ಮಾಡುತ್ತಿದ್ದಾನೆ. ತೂಕದ ಹತ್ತಿರ ಅಲ್ಲಿಯೂ ಬಿಟ್ಟಿಲ್ಲವಂತೆ.

“ಅವತ್ತ ಹೆಸರು ಬದಲಿ ಮಾಡಿದ್ದು ನೀನೋ ನಾನೋ?” ಎಂದೆ.

“ಈಗ್ಯಾಕ ಬಿಡ್ರಿ ಸರ,” ಎಂದು ನಕ್ಕ. “ಆ ಫೋಲ್ಡರ್ ಎಲ್ಲಿರತೈತಿ ಅಂತ ನನಗ ಇವತ್ತಿಗೂ ಗೊತ್ತಿಲ್ಲ.”

ಚಹಾದ ದುಡ್ಡನ್ನೂ ಅವನೇ ಕೊಟ್ಟ.

ಆ ವಾರವೇ ಗಂಗಾವತಿಗೆ ಹೋಗಿ, ಮಾಡಿದ್ದು ನಾನು ಎಂದು ಭಾವನವರಿಗೆ ಹೇಳಿದೆ. “ಈಗ ಹೇಳಿ ಏನ್ ಮಾಡ್ತೀ ಮಾಸ್ತರ? ಹಂಗ ನೋಡಿದ್ರ ಯಾರ ಮಾಡಿದ್ರೂ ಕಂಪನಿಯವರ ಕಾನೂನು ಮುರದಿದ್ದು ಖರೇನ ಅಲ್ಲ?” ಎಂದರು. ಕಂಪನಿಯ ಕರಾರುಪತ್ರವನ್ನು ಕಪಾಟಿನಿಂದ ತೆಗೆಸಿ ಅಲ್ಲೇ ಕೂತು ಎರಡು ಸಲ ಓದಿದೆ. ಫೈಲಿನ ಹೆಸರು ಬದಲಿಸಬಾರದು ಎಂಬ ಒಂದು ಸಾಲೂ ಅದರಲ್ಲಿಲ್ಲ.