ಕಾರ್ಡು ಹಿಡಿದು ಬಂದವಳು

ಮಂಡ್ಯದ ಅಚ್ಚುಕೂಟದಿಂದ ನನ್ನ ಯಜಮಾನರು ಆ ಕಾರ್ಡುಗಳ ಕಟ್ಟು ತಂದ ದಿನ ಮನೆಯಲ್ಲೆಲ್ಲ ಮಸಿಯ ವಾಸನೆ. ಮೂವತ್ತರ ದಶಕ, ನಾನು ಮದುವೆಯಾಗಿ ಮಳವಳ್ಳಿಗೆ ಬಂದು ಎರಡು ಬೇಸಿಗೆಯೂ ಕಳೆದಿರಲಿಲ್ಲ. ಅವರು ಅಲ್ಲಿ ಸ್ಕೂಲು ಮೇಷ್ಟರು. ಮೈಸೂರಿನಲ್ಲಿ ಓದುವಾಗ ಕೊಂಡಿದ್ದ ಡಬ್ಬಿ ಕ್ಯಾಮೆರಾ ಒಂದಿತ್ತು. ದೇವರ ಪೆಟ್ಟಿಗೆಯನ್ನು ಒರೆಸಿದ ಹಾಗೆ ಅದನ್ನು ಒರೆಸುತ್ತಿದ್ದರು. ಕಾರ್ಡಿನಲ್ಲಿ ಅವರ ಹೆಸರು, ಕೆಳಗೆ ‘ಹವ್ಯಾಸಿ ಛಾಯಾಗ್ರಾಹಕ’, ಅದರ ಕೆಳಗೆ ನಮ್ಮ ಬೀದಿ, ಊರು. ಅಷ್ಟನ್ನೇ ಹತ್ತಿರ ಹಿಡಿದು, ದೂರ ಹಿಡಿದು, ದೀಪ ಹಚ್ಚುವ ಹೊತ್ತಿನವರೆಗೂ ನೋಡಿದರು.

ಮಂಡ್ಯ, ಮದ್ದೂರಿನ ಕಡೆ ತಮ್ಮಂತೆ ಕ್ಯಾಮೆರಾ ಹುಚ್ಚಿನವರು ಯಾರಾದರೂ ಇದ್ದರೆ ಆ ಕಾರ್ಡು ನೋಡಿ ಹುಡುಕಿಕೊಂಡು ಬರಲಿ, ಕೂತು ಮಾತಾಡಲಿ ಎಂಬುದು ಅವರ ಆಸೆ. ರೈಲಿನಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಕೊಡುತ್ತಿದ್ದರು. ಮದ್ದೂರು ಸ್ಟೇಷನ್ನಿನಲ್ಲಿ ಒಬ್ಬ ರೈತ, ಕಾರ್ಡನ್ನು ಓದಿಸಿಕೊಂಡು, “ಅವ್ಯಾಸಿ ಅಂದ್ರೆ ಯಾವ್ ಜನ ಸ್ವಾಮಿ?” ಅಂದನಂತೆ.

“ಜನ ಅಲ್ಲಪ್ಪ. ಕಾಸಿಗಲ್ಲದೆ ಖುಷಿಗೆ ಮಾಡೋನು ಅಂತ.”

“ಅಂಗಾರೆ ಮನೇಲಿ ಉಣ್ಣಾಕೇನ್ ಮಾಡೀರಿ?”

ಮನೆಗೆ ಬಂದು ಇದನ್ನು ಹೇಳಿಕೊಂಡು ಅವರೇ ನಕ್ಕರು. ಛಾಯಾಗ್ರಾಹಕರು ಮಾತ್ರ ಯಾರೂ ಬರಲಿಲ್ಲ.

ಬಂದವಳು ಹಲಗೂರಿನ ಆಚೆಯ ಹಳ್ಳಿಯ ಒಬ್ಬ ಹೆಂಗಸು. ಮಾಘದ ಬಿಸಿಲು, ಯಜಮಾನರು ಸ್ಕೂಲಿಗೆ ಹೋಗಿದ್ದರು. ನಾನು ಹಿತ್ತಿಲಲ್ಲಿ ತಲೆಗೂದಲು ಆರಿಸಿಕೊಳ್ಳುತ್ತ, ಎಚ್ಚರವೋ ಮಂಪರೋ ತಿಳಿಯದ ಹಾಗೆ ಕೂತಿದ್ದೆ. ಬೀದಿಯ ಬಾಗಿಲಿನಿಂದ “ಅಮ್ಮಯ್ಯಾ, ಈ ಕಾಗ್ದದ್ ಮನೆ ಇದೇಯಾ?” ಎಂಬ ದನಿ ಕೇಳಿತು.

ಓದು ಬಾರದವಳು. ಹಲಗೂರಿನ ಬಸ್ಸು ನಿಲ್ಲುವ ಕಡೆಯ ಅಂಗಡಿಯವನು ನಮ್ಮವರು ಕೊಟ್ಟ ಕಾರ್ಡನ್ನು ಮೊಳೆಗೆ ಸಿಕ್ಕಿಸಿಟ್ಟಿದ್ದನಂತೆ. ಅದೇನೆಂದು ಕೇಳಿ ತಿಳಿದು, ಬೇಡಿಕೊಂಡು ತಂದು, ಮಳವಳ್ಳಿಯ ಬೀದಿಬೀದಿಯಲ್ಲಿ ತೋರಿಸುತ್ತ ಬಂದಿದ್ದಳು. ಅವಳ ಒಬ್ಬಳೇ ಮಗಳು ಗಂಡನ ಜೊತೆ ಕೋಲಾರದ ಚಿನ್ನದ ಗಣಿಗೆ ಹೋಗಿದ್ದಳು. ಅಲ್ಲಿ ಮಗುವಾಗಿದೆ. ಇವಳಿಗೆ ಅಷ್ಟು ದೂರ ಹೋಗಲಾಗದು.

“ಅಜ್ಜಿ ಇಂಗವ್ಳೆ ಅಂತ ಆ ಕೂಸ್ಗೆ ತೋರಿಸ್ಬೇಕು ಕಣಮ್ಮ. ನನ್ ಬಿಂಬ ಒಂದ್ ಇಡ್ಕೊಟ್ಬುಡಿ.”

ಮೇಷ್ಟರು ಬರುವುದು ಸಂಜೆಗೆ, ಕಾಯಬೇಕು ಅಂದೆ.

“ಗಂಡಸ್ರು ಇಡ್ದಾರಾ? ನಾ ನಿಂತ್ಕಳಾಕಿಲ್ಲ. ಬಸ್ಸೂ ಒಂಟೋಯ್ತದೆ. ನೀವೇ ಇಡೀರಿ.”

ಆ ಕ್ಯಾಮೆರಾವನ್ನು ನಾನು ಮುಟ್ಟಿಯೂ ಇರಲಿಲ್ಲ. ಒಳಗೆ ಬತ್ತಿ ಹೊಸೆಯುತ್ತಿದ್ದ ಅತ್ತೆಯ ಮುಖ ನೋಡಿದೆ. ಅವರು ತಲೆ ಎತ್ತದೆ, “ನೆರಳು ಹಿಡಿಯಬಾರದು ಅಂತ ನಮ್ಮ ಕಾಲದಲ್ಲಿ ಹೇಳ್ತಿದ್ದರು. ಆದರೆ ಅಷ್ಟು ದೂರದಿಂದ ಕೇಳಿಕೊಂಡು ಬಂದಿದಾಳೆ, ಬರಿಗೈಲಿ ಕಳಿಸಬೇಡ” ಅಂದರು.

ಯಜಮಾನರು ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದಷ್ಟೇ ನನ್ನ ವಿದ್ಯೆ. ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಅದರ ನೆತ್ತಿಯ ಪುಟ್ಟ ಗಾಜಿನೊಳಗೆ ಬಗ್ಗಿ ನೋಡಿದೆ. ಹಿತ್ತಿಲು ಬೇರೆ ಯಾವುದೋ ಲೋಕವಾಗಿತ್ತು. ಎಡಕ್ಕಿದ್ದ ಬಾವಿ ಬಲಕ್ಕೆ ಬಂದಿತ್ತು; ನುಗ್ಗೆಮರ ಹುಲ್ಲುಕಡ್ಡಿಯಷ್ಟಾಗಿ ಗಾಳಿಗೆ ತೂಗುತ್ತಿತ್ತು; ಅದರ ಕೆಳಗೆ ಹೆಬ್ಬೆರಳಿನಷ್ಟು ಎತ್ತರದ ಹೆಂಗಸು. ಅಲ್ಲಿ ಸದ್ದೇ ಇರಲಿಲ್ಲ. ನೋಡುತ್ತ ನೋಡುತ್ತ ನಾನು ಗುಂಡಿ ಒತ್ತುವುದನ್ನೇ ಮರೆತೆ.

“ಆಯ್ತಾ?” ಅಂದಳು.

“ಇನ್ನೂ ಇಲ್ಲ. ಆ ಕಾರ್ಡು ಕೆಳಗಿಡು.”

“ಬ್ಯಾಡ ಕಣಮ್ಮ, ಇರ್ಲಿ. ಕರ್ಕಬಂದಿದ್ ಇದೇ ಅಲ್ವಾ” ಎಂದು ಅದನ್ನು ಎದೆಗೆ ಇನ್ನೂ ಗಟ್ಟಿಯಾಗಿ ಒತ್ತಿಕೊಂಡಳು. ಉಸಿರು ಹಿಡಿದು ಗುಂಡಿ ಒತ್ತಿದೆ. ‘ಟಕ್’ ಎಂದಿತು. ಅವಳು ಬೆಚ್ಚಿದಳು, ನಾನೂ ಬೆಚ್ಚಿದೆ.

ಸಂಜೆ ವಿಷಯ ಕೇಳಿ ಯಜಮಾನರು, “ಸೂರ್ಯ ಎಲ್ಲಿದ್ದ?” ಎಂದಷ್ಟೇ ಕೇಳಿದರು. ನನ್ನ ಬೆನ್ನ ಹಿಂದೆ ಅಂದೆ. “ಹಾಗಾದರೆ ಬಂದಿರುತ್ತೆ” ಅಂದರು. ಫಿಲಂ ಸುರುಳಿ ಮೈಸೂರಿಗೆ ಹೋಗುವವರ ಕೈಯಲ್ಲಿ ಹೋಗಿ, ತೊಳೆಸಿಕೊಂಡು ಬರುವ ಹೊತ್ತಿಗೆ ಶಿವರಾತ್ರಿ ಕಳೆದಿತ್ತು. ಅದರಿಂದ ಚಿತ್ರ ಮಾಡಿಕೊಳ್ಳುವುದು ಮನೆಯಲ್ಲೇ. ಮರದ ಚೌಕಟ್ಟಿನಲ್ಲಿ ಫಿಲಮನ್ನೂ ಕಾಗದವನ್ನೂ ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿದರೆ, ಬಿಳಿಯ ಕಾಗದದ ಮೇಲೆ ನೇರಳೆಹಣ್ಣಿನ ಬಣ್ಣದಲ್ಲಿ ಚಿತ್ರ ಮೆಲ್ಲಗೆ ಏಳುತ್ತದೆ. ಮೊದಲು ಎದ್ದಿದ್ದು ಅವಳ ಸೀರೆ. ಆಮೇಲೆ ಕಣ್ಣು, ಗಲ್ಲದ ಹಚ್ಚೆ. ಎದೆಯ ಮೇಲಿನ ಕಾರ್ಡು ಮಾತ್ರ ಹಾಗೇ ಬೆಳ್ಳಗೆ ಉಳಿಯಿತು. ಯಜಮಾನರು ಬಹಳ ಹೊತ್ತು ನೋಡಿ, “ನನ್ನ ಮುಂದೆ ನಿಂತವರೆಲ್ಲ ಅಮಲ್ದಾರರ ಮುಂದೆ ನಿಂತ ಹಾಗೆ ನಿಲ್ಲುತ್ತಾರೆ. ಇವಳು ನಿನ್ನ ಮುಂದೆ ಹೇಗೆ ನಿಂತಿದಾಳೆ ನೋಡು” ಅಂದರು. ಅವರ ದನಿಯಲ್ಲಿ ಒಂದಿಷ್ಟು ಹೊಟ್ಟೆಕಿಚ್ಚೂ ಇತ್ತು, ಹೆಮ್ಮೆಯೂ ಇತ್ತು.

ಯುಗಾದಿಗೆ ಮುಂಚೆ ಅವಳು ಬಂದಳು, ಸೆರಗಿನಲ್ಲಿ ಅವರೆಕಾಯಿ ಕಟ್ಟಿಕೊಂಡು. ಚಿತ್ರವನ್ನು ಕೈಗೆ ಕೊಟ್ಟೆ. ನೋಡಿದಳು. ಜಗುಲಿಯ ಮೇಲೆ ಕೂತುಬಿಟ್ಟಳು.

“ನಮ್ಮವ್ವನ್ನ ನೀವೆಲ್ ಕಂಡಿದ್ರಿ?”

ನನಗೆ ಅರ್ಥವಾಗಲಿಲ್ಲ.

“ಇದು ನಮ್ಮವ್ವ ಕಣಮ್ಮ. ಸತ್ತು ಯಾವ್ ಕಾಲಾಯ್ತು.”

ಅವಳು ಅಂಗೈಯಗಲದ ಕನ್ನಡಿಯಲ್ಲಿ ಕುಂಕುಮ ಇಟ್ಟುಕೊಳ್ಳುವಷ್ಟು ಹಣೆಯನ್ನು ನೋಡಿಕೊಂಡವಳು. ಕೆರೆಯ ನೀರಿನಲ್ಲಿ ಅಲುಗುವ ಮುಖ ನೋಡಿಕೊಂಡವಳು. ತಲೆಯಿಂದ ಕಾಲಿನವರೆಗೆ ತಾನು ಹೇಗಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಸೀರೆಯ ಅಂಚು, ಕೈಯ ಬಳೆ, ಆ ಕಾರ್ಡು ಒಂದೊಂದನ್ನೇ ತೋರಿಸಿದೆ. “ಬಳೆ ನಂದೆಯ, ಸೀರೆ ನಂದೆಯ. ಮಕ ಅವ್ವಂದು” ಅಂದಳು. ಅಳಲಿಲ್ಲ. ಚಿತ್ರದ ಗಲ್ಲವನ್ನು ಬೆರಳ ತುದಿಯಿಂದ ಸವರಿದಳು. “ಇದ್ನ ಕೋಲಾರಕ್ ಕಳಿಸ್ನಾರೆ ನಾನು” ಅಂದಳು.

“ಕಳಿಸಬೇಡ. ಇನ್ನೊಂದು ಮಾಡೋಣ ಬಾ.”

ಇಬ್ಬರೂ ಮಹಡಿಗೆ ಹೋದೆವು. ಚೌಕಟ್ಟನ್ನು ಬಿಸಿಲಿಗಿಟ್ಟು ಪಕ್ಕದಲ್ಲಿ ಕೂತೆವು. ದೂರದಲ್ಲಿ ಯಾರದೋ ಆಲೆಮನೆಯ ಹೊಗೆ ಎದ್ದು ನಿಂತಿತ್ತು, ಬೆಲ್ಲದ ಪರಿಮಳ ಬಂದು ಬಂದು ಹೋಗುತ್ತಿತ್ತು. ಅವಳು ಅವರೆ ಸುಲಿಯುತ್ತ ಅವ್ವನ ಕಥೆ ಹೇಳಿದಳು. ನಾನು ಆಗಾಗ ಚೌಕಟ್ಟಿನ ಹಿಂಬಾಗಿಲು ತೆರೆದು ಇಣುಕುತ್ತಿದ್ದೆ. “ಬಂದ್ಳಾ?” ಅನ್ನುವಳು. “ಬರ್ತಿದಾಳೆ” ಅನ್ನುವೆ. ಬಂದವಳು ಮಗಳೋ ತಾಯಿಯೋ, ಆ ಬಿಸಿಲಿನಲ್ಲಿ ನನಗೂ ಬೇರ್ಪಡಿಸಲಾಗಲಿಲ್ಲ.

ಎರಡು ಚಿತ್ರಗಳನ್ನೂ ಬೇರೆಬೇರೆ ಬಾಳೆಲೆಯಲ್ಲಿ ಸುತ್ತಿಕೊಂಡು ಅವಳು ಬಸ್ಸು ಹತ್ತಿದಳು. ಆಮೇಲೆ ಹಲಗೂರಿನ ಕಡೆಯಿಂದ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಅವರೆಲ್ಲ ಕೇಳುತ್ತಿದ್ದುದು ‘ಅಮ್ಮಯ್ಯನ’ ಮನೆ.

ಮುಂದಿನ ಸಲ ಯಜಮಾನರು ಮಂಡ್ಯಕ್ಕೆ ಹೋಗಿ ಹೊಸ ಕಾರ್ಡು ಹಾಕಿಸಿದರು. ಈ ಸಲ ಇಬ್ಬರ ಹೆಸರು. ಗಂಡಹೆಂಡಿರ ಹೆಸರು ಒಟ್ಟಿಗೆ ಕಂಡು ಅಚ್ಚು ಜೋಡಿಸುವವನು, “ಮುಹೂರ್ತ ಯಾವಾಗ ಅಂತ ಬರೆದೇ ಇಲ್ಲವಲ್ಲ” ಎಂದು ಕೇಳಿದನಂತೆ.

ಆ ಕಾರ್ಡನ್ನು ನಾನು ಮೊದಲು ಕೊಟ್ಟದ್ದು ಮಂಡ್ಯದಿಂದ ಮದ್ದೂರಿಗೆ ಹೋಗುವ ರೈಲಿನಲ್ಲಿ, ಎದುರು ಕೂತಿದ್ದ ಗುರುತಿಲ್ಲದ ಹೆಂಗಸಿಗೆ. ಅವಳು ಕೈ ಚಾಚುವ ಮೊದಲೇ ಮಡಿಲ ಕೂಸು ಅದನ್ನು ಕಿತ್ತುಕೊಂಡು ಬಾಯಿಗಿಟ್ಟಿತು. ಅವಳು ಬಿಡಿಸಿಕೊಳ್ಳಹೋದಳು, ಕೂಸು ಬಿಡಲಿಲ್ಲ. ಇಬ್ಬರೂ ನಕ್ಕೆವು. ಕಿಟಕಿಯಾಚೆ ಕಬ್ಬಿನ ಗದ್ದೆಗಳು ಒಂದರ ಹಿಂದೆ ಒಂದು ತೇಲಿ ಹೋಗುತ್ತಿದ್ದವು.